ಆಲ್ಫಾಫೋಲ್ಡ್ ಸೇವೆ: ಮಂಗಳೂರಿನ ತರಗತಿಯೊಂದರಿಂದ ವಿಮರ್ಶೆ

ಪದವಿ ತರಗತಿಗಳಿಗೆ ಜೀವರಸಾಯನಶಾಸ್ತ್ರ ಹೇಳಿಕೊಡುವವರಿಗೆ ಪ್ರೋಟೀನಿನ ಆಕಾರವನ್ನು ಕರಿಹಲಗೆಯ ಮೇಲೆ ಬಿಡಿಸಿ ತೋರಿಸುವುದು ಎಂದೂ ತೃಪ್ತಿ ಕೊಡದ ಕೆಲಸ. ಒಂದು ಸುರುಳಿ, ನಾಲ್ಕು ಬಾಣ ಬರೆದರೆ ಪರೀಕ್ಷೆಯ ಮಟ್ಟಿಗೆ ಸಾಕಾಗುತ್ತದೆ. ಆ ಸರಪಳಿ ತನ್ನ ಮೇಲೆ ತಾನೇ ಹೇಗೆ ಮಡಚಿಕೊಂಡಿದೆ, ಯಾವ ಮೂಲೆಯಲ್ಲಿ ಯಾವ ಅಣು ಬಂದು ಕೂರುತ್ತದೆ ಎಂಬುದು ಮಾತ್ರ ವಿದ್ಯಾರ್ಥಿಯ ಕಣ್ಣಿಗೆ ಬೀಳುವುದಿಲ್ಲ. ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದ್ದು ಆಲ್ಫಾಫೋಲ್ಡ್ ಪ್ರೋಟೀನ್ ರಚನೆಗಳ ಡೇಟಾಬೇಸ್, ಅಂದರೆ ಅಮೈನೋ ಆಮ್ಲಗಳ ಸರಣಿಯಿಂದ ಪ್ರೋಟೀನಿನ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ಎಂಬ ತಂತ್ರಾಂಶ ಕಟ್ಟಿದ ಮಾದರಿಗಳ ಭಂಡಾರ. ಲಂಡನ್ನಿನ ಕೃತಕ ಬುದ್ಧಿಮತ್ತೆ ಕಂಪನಿಯಾದ ಡೀಪ್‌ಮೈಂಡ್, ಯುರೋಪಿನ ಸಾರ್ವಜನಿಕ ಸಂಶೋಧನಾ ಸಂಸ್ಥೆಯಾದ ಇಎಂಬಿಎಲ್-ಇಬಿಐ ಜೊತೆಗೂಡಿ 2021ರ ಜುಲೈಯಲ್ಲಿ ಇದನ್ನು ಎಲ್ಲರಿಗೂ ಉಚಿತವಾಗಿ ತೆರೆಯಿತು. ಅದರ ಬೆನ್ನಿಗೆ 2024ರ ಮೇ ತಿಂಗಳಿನಲ್ಲಿ ನಾವು ಕೊಟ್ಟ ಸರಣಿಗೆ ಹೊಸದಾಗಿ ಮಾದರಿ ಕಟ್ಟಿಕೊಡುವ ಆಲ್ಫಾಫೋಲ್ಡ್ ಸರ್ವರ್ ಎಂಬ ಇನ್ನೊಂದು ಸೇವೆ ಬಂದಿತು. ಮಂಗಳೂರಿನ ಕಾಲೇಜೊಂದರ ಪಾಠದಲ್ಲಿ ಎರಡನ್ನೂ ಬಳಸಿಕೊಂಡು ಬಂದವನಾಗಿ ಅವುಗಳ ಕುರಿತು ನನ್ನ ಅಭಿಪ್ರಾಯವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಈ ಸೇವೆಗಳ ಗುಣಗಳೂ ಮಿತಿಗಳೂ ಅವನ್ನು ಕಟ್ಟಿದ ಕಂಪನಿ ಮೊದಲ ಹತ್ತು ವರ್ಷ ಬೆಳೆದ ಬಗೆಯಿಂದಲೇ ಬಂದಿವೆ ಎಂಬುದು ನನ್ನ ತಿಳಿವಳಿಕೆ. ಆದ್ದರಿಂದ ಆ ಇತಿಹಾಸವನ್ನು ಬಿಟ್ಟು ವಿಮರ್ಶೆ ಬರೆಯಲು ಬರುವುದಿಲ್ಲ.

ಡೀಪ್‌ಮೈಂಡ್ 2010ರಲ್ಲಿ ಆರಂಭವಾದಾಗ ಅದರ ಬಳಿ ಮಾರುವ ಸರಕು ಒಂದೂ ಇರಲಿಲ್ಲ. ಸ್ಥಾಪಕರು ಮೂವರು: ಡೆಮಿಸ್ ಹಸಾಬಿಸ್, ಶೇನ್ ಲೆಗ್ ಮತ್ತು ಮುಸ್ತಫಾ ಸುಲೇಮಾನ್. ಹಸಾಬಿಸ್ ಬಾಲ್ಯದಲ್ಲಿ ಚೆಸ್ ಪಟು, ಹದಿಹರೆಯದಲ್ಲಿ 'ಥೀಮ್ ಪಾರ್ಕ್' ಎಂಬ ಜನಪ್ರಿಯ ಕಂಪ್ಯೂಟರ್ ಆಟದ ರಚನೆಯಲ್ಲಿ ಕೈಜೋಡಿಸಿದವರು, ಆಮೇಲೆ ಸ್ವಂತದ ಆಟಗಳ ಕಂಪನಿಯೊಂದನ್ನು ನಡೆಸಿ ಮುಚ್ಚಿ, ಮಿದುಳಿನಲ್ಲಿ ನೆನಪು ಮತ್ತು ಕಲ್ಪನೆ ಹೇಗೆ ಕೆಲಸ ಮಾಡುತ್ತವೆ ಎಂಬುದರ ಕುರಿತು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಡಾಕ್ಟರೇಟ್ ಮಾಡಿದವರು. ನ್ಯೂಜಿಲೆಂಡಿನ ಶೇನ್ ಲೆಗ್ ಅವರ ಪರಿಚಯವಾದದ್ದೂ ಅಲ್ಲಿಯೇ. ಬುದ್ಧಿಯನ್ನೇ ಒಂದು ಸಮಸ್ಯೆಯಾಗಿ ತೆಗೆದುಕೊಂಡು ಬಿಡಿಸುತ್ತೇವೆ ಎನ್ನುವವರಿಗೆ ಆ ಕಾಲದಲ್ಲಿ ಹಣ ಹೂಡುವವರು ವಿರಳವಾಗಿದ್ದರು. ಪೀಟರ್ ಥೀಲ್, ಇಲಾನ್ ಮಸ್ಕ್, ಸ್ಕೈಪ್‌ನ ಯಾನ್ ತಾಲಿನ್ ಮೊದಲಾದ ಕೆಲವರು ಧೈರ್ಯ ಮಾಡಿದರು. 2014ರ ಜನವರಿಯಲ್ಲಿ ಗೂಗಲ್ ಈ ಪುಟ್ಟ ಕಂಪನಿಯನ್ನು ಕೊಂಡುಕೊಂಡಿತು. ಸುಮಾರು 40 ಕೋಟಿ ಪೌಂಡ್ ಕೊಟ್ಟಿತೆಂದು ಆಗಿನ ಪತ್ರಿಕೆಗಳು ವರದಿ ಮಾಡಿದವು.

ಗೂಗಲ್ ಕೊಂಡದ್ದು ಏನನ್ನು ಕಂಡು ಎಂದು ಕೇಳಿದರೆ ಉತ್ತರ ಸಿಗುವುದು ಹಳೆಯ ಅಟಾರಿ ವಿಡಿಯೊ ಆಟಗಳಲ್ಲಿ. 2013ರ ಕೊನೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಡೀಪ್‌ಮೈಂಡ್ ತಂಡವು, ಪರದೆಯ ಮೇಲಿನ ಚಿತ್ರಬಿಂದುಗಳನ್ನೂ ಅಂಕಗಳನ್ನೂ ಮಾತ್ರ ಕೊಟ್ಟು, ನಿಯಮಗಳನ್ನು ಹೇಳಿಕೊಡದೆ, ಒಂದೇ ಕ್ರಮವಿಧಿಗೆ ಏಳು ಆಟಗಳನ್ನು ಕಲಿಸಿತ್ತು. ಮೂರರಲ್ಲಿ ಅದು ಪಳಗಿದ ಮನುಷ್ಯರನ್ನು ಮೀರಿತ್ತು. 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದೇ ಕೆಲಸ 49 ಆಟಗಳಿಗೆ ವಿಸ್ತರಿಸಿ ಪ್ರಕಟವಾಯಿತು. ಮರುವರ್ಷದ ಮಾರ್ಚ್‌ನಲ್ಲಿ ಸೋಲ್ ನಗರದಲ್ಲಿ ಆಲ್ಫಾಗೋ ಎಂಬ ಅವರ ತಂತ್ರಾಂಶ, ಗೋ ಆಟದ ದಿಗ್ಗಜ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿತು. ಎರಡನೆಯ ಪಂದ್ಯದ 37ನೇ ನಡೆಯನ್ನು ನೋಡಿ ಅಲ್ಲಿದ್ದ ತಜ್ಞರು ಮೊದಲು ಅದನ್ನು ತಪ್ಪೆಂದೇ ಭಾವಿಸಿದ್ದರು. ನಾಲ್ಕನೆಯ ಪಂದ್ಯದಲ್ಲಿ ತಮ್ಮ 78ನೇ ನಡೆಯಿಂದ ಲೀ ಗೆದ್ದುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಆ ಯಂತ್ರ ತನಗೆ ಅಪರೂಪವಾದ ಸ್ಥಿತಿಯಲ್ಲಿ ತಡಬಡಾಯಿಸಿದ್ದನ್ನು ಅದು ತೋರಿಸಿತು. ಅದರ ವಂಶದ್ದೇ ಆದ ಇಂದಿನ ಸೇವೆಯನ್ನು ಬಳಸುವವರು ಈ ಸಂಗತಿಯನ್ನು ಮರೆಯಬಾರದು.

ಆಟಗಳನ್ನೇ ಆರಿಸಿಕೊಂಡದ್ದು ಹುಡುಗಾಟಿಕೆಗೆ ಆಗಿರಲಿಲ್ಲ. ಆಟದಲ್ಲಿ ಅಂಕವಿದೆ, ಗೆಲುವು ಸೋಲುಗಳ ತೀರ್ಪು ತಕ್ಷಣ ಸಿಗುತ್ತದೆ, ಎಷ್ಟು ಸಲ ಬೇಕಾದರೂ ಆಡಬಹುದು. ಇಂಥ ಕಡೆ ಯಂತ್ರ ಬೇಗ ಕಲಿಯುತ್ತದೆ. ವಿಜ್ಞಾನದಲ್ಲಿ ಇಂಥದ್ದೇ ಅಂಕಪಟ್ಟಿಯುಳ್ಳ ಸಮಸ್ಯೆ ಯಾವುದಿದೆ ಎಂದು ಹುಡುಕಿದ ಕಂಪನಿ, ಸೋಲ್ ಪಂದ್ಯದ ನಂತರ ಪ್ರೋಟೀನ್ ಮಡಿಕೆಯ ಕಡೆ ತಿರುಗಿತು. ಅಲ್ಲಿ ಅಂಕಪಟ್ಟಿ ಸಿದ್ಧವಾಗಿಯೇ ಇತ್ತು. ಜಾನ್ ಮೌಲ್ಟ್ ಮತ್ತು ಅವರ ಸಹೋದ್ಯೋಗಿಗಳು 1994ರಿಂದ ಎರಡು ವರ್ಷಕ್ಕೊಮ್ಮೆ ನಡೆಸುತ್ತಿರುವ ಕ್ಯಾಸ್ಪ್ ಎಂಬ ಸ್ಪರ್ಧೆಯಲ್ಲಿ, ಪ್ರಯೋಗಾಲಯದಲ್ಲಿ ಆಗಷ್ಟೇ ಕಂಡುಕೊಂಡ, ಇನ್ನೂ ಪ್ರಕಟವಾಗದ ರಚನೆಗಳ ಅಮೈನೋ ಆಮ್ಲಗಳ ಸರಣಿಯನ್ನು ಮಾತ್ರ ಸ್ಪರ್ಧಿಗಳಿಗೆ ಕೊಟ್ಟು, ಅವರು ಊಹಿಸಿದ ಆಕಾರವನ್ನು ನಿಜವಾದ ಆಕಾರದೊಂದಿಗೆ ಹೋಲಿಸಿ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಾರೆ. 2018ರಲ್ಲಿ ಆಲ್ಫಾಫೋಲ್ಡ್ ಅಲ್ಲಿ ಮೊದಲ ಸ್ಥಾನ ಪಡೆಯಿತು. ಆದರೆ ಆ ವಿಧಾನಕ್ಕೆ ಅಂಟಿಕೊಳ್ಳದೆ, ಜಾನ್ ಜಂಪರ್ ಅವರ ಮುಂದಾಳತ್ವದಲ್ಲಿ ಎಲ್ಲವನ್ನೂ ಹೊಸದಾಗಿ ಕಟ್ಟಿ 2020ರ ಸ್ಪರ್ಧೆಗೆ ಹೋದ ತಂಡದ ಮಧ್ಯಾಂಕ ಅಂಕ 92.4 ಆಗಿತ್ತು, 90ರ ಆಸುಪಾಸಿನಲ್ಲಿದ್ದರೆ ಪ್ರಯೋಗದಿಂದ ದೊರೆತ ರಚನೆಗೆ ಸಮವೆಂದು ಪರಿಗಣಿಸುವುದು ರೂಢಿ. 2024ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದ ಅರ್ಧವನ್ನು ಹಸಾಬಿಸ್ ಮತ್ತು ಜಂಪರ್ ಹಂಚಿಕೊಂಡರು. ಉಳಿದರ್ಧ ಹೊಸ ಪ್ರೋಟೀನುಗಳನ್ನು ವಿನ್ಯಾಸಗೊಳಿಸಿದ ಡೇವಿಡ್ ಬೇಕರ್ ಅವರಿಗೆ ಸಂದಿತು.

ಬಹುಮಾನದ ಸುದ್ದಿಗಳಲ್ಲಿ ಹಿಂದೆ ಸರಿದುಹೋದ ಪಾಲುದಾರರು ಬೇರೆಯೇ ಇದ್ದಾರೆ. ಈ ಯಂತ್ರ ಕಲಿತದ್ದು ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರದ ಸುಮಾರು 1,70,000 ರಚನೆಗಳಿಂದ. 1971ರಲ್ಲಿ ಬೆರಳೆಣಿಕೆಯ ರಚನೆಗಳಿಂದ ಶುರುವಾದ ಆ ಭಂಡಾರವನ್ನು ತುಂಬಿದವರು ಹರಳು ಬೆಳೆಸಿ, ಎಕ್ಸ್-ಕಿರಣ ಹಾಯಿಸಿ, ಒಂದೊಂದು ರಚನೆಗೆ ವರ್ಷಗಟ್ಟಲೆ ದುಡಿದ ಸಂಶೋಧಕರು. ಒಂದು ರಚನೆ ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಇಂದಿಗೂ ಮೊದಲು ನೋಡುವುದು 1963ರಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಮದರಾಸಿನಲ್ಲಿ ರೂಪಿಸಿದ, ಸರಪಳಿಯ ಯಾವ ತಿರುವುಗಳು ಸಾಧ್ಯ, ಯಾವುವು ಅಸಾಧ್ಯ ಎಂದು ತೋರಿಸುವ ನಕ್ಷೆಯನ್ನು. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೈವಿಕ ಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು. ಆಲ್ಫಾಫೋಲ್ಡ್‌ನ ಮಾದರಿಯೊಂದನ್ನು ತೆರೆದು ಅದಕ್ಕೆ ರಾಮಚಂದ್ರನ್ ನಕ್ಷೆಯನ್ನು ವಿದ್ಯಾರ್ಥಿಗಳ ಕೈಯಲ್ಲೇ ಬಿಡಿಸಿಸುವುದು ನನ್ನ ತರಗತಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆದ ಅಭ್ಯಾಸ ಎಂದು ಧಾರಾಳವಾಗಿ ಹೇಳಬಲ್ಲೆ.

ಈಗ ಬಳಕೆಯ ವಿಚಾರ. ಡೇಟಾಬೇಸ್ ತೆರೆಯಲು ನೋಂದಣಿ ಬೇಡ, ಹಣ ಬೇಡ. ಪ್ರೋಟೀನಿನ ಹೆಸರನ್ನೋ ಜೀವಿಯ ವೈಜ್ಞಾನಿಕ ಹೆಸರನ್ನೋ ಯೂನಿಪ್ರೋಟ್ ಎಂಬ ಪ್ರೋಟೀನ್ ಸರಣಿಗಳ ಕೋಶದಲ್ಲಿನ ಅದರ ಸಂಖ್ಯೆಯನ್ನೋ ಕೊಟ್ಟರೆ ಮಾದರಿ ತೆರೆದುಕೊಳ್ಳುತ್ತದೆ. ಬೆರಳಿನಿಂದ ತಿರುಗಿಸಬಹುದು, ಹಿಗ್ಗಿಸಬಹುದು, ಕಡತವನ್ನು ಇಳಿಸಿಕೊಳ್ಳಬಹುದು. ಆರಂಭದಲ್ಲಿ ಮನುಷ್ಯನೂ ಸೇರಿದಂತೆ ಕೆಲವೇ ಜೀವಿಗಳ ಸುಮಾರು ಮೂರೂವರೆ ಲಕ್ಷ ಮಾದರಿಗಳಿದ್ದವು. 2022ರ ಜುಲೈಯಲ್ಲಿ ಆ ಸಂಖ್ಯೆ 20 ಕೋಟಿ ದಾಟಿತು. ಪುಟವಿಡೀ ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಮೊದಲ ವಾರ ಸ್ವಲ್ಪ ತೊಡಕಾಗುತ್ತದೆಯಾದರೂ ಚಿತ್ರವೇ ಮುಖ್ಯವಾದ್ದರಿಂದ ಅದು ಬೇಗ ಕಳೆಯುತ್ತದೆ.

ಅತ್ಯಂತ ಮೆಚ್ಚತಕ್ಕ ಅಂಶ ಬಣ್ಣಗಳದ್ದು. ಮಾದರಿಯ ಪ್ರತಿಯೊಂದು ಅಮೈನೋ ಆಮ್ಲಕ್ಕೂ ತನ್ನ ಊಹೆಯ ಮೇಲೆ ತನಗೆಷ್ಟು ಭರವಸೆ ಇದೆ ಎಂಬುದನ್ನು ಯಂತ್ರವೇ ನೂರರ ಅಳತೆಯಲ್ಲಿ ಹೇಳುತ್ತದೆ. 90ಕ್ಕಿಂತ ಮೇಲಿದ್ದರೆ ಕಡುನೀಲಿ, 70ರಿಂದ 90ರವರೆಗೆ ತಿಳಿನೀಲಿ, 50ರಿಂದ 70ಕ್ಕೆ ಹಳದಿ, ಅದಕ್ಕಿಂತ ಕೆಳಗೆ ಕಿತ್ತಳೆ. ಕಿತ್ತಳೆ ಬಣ್ಣದ ಭಾಗಗಳು ಸಾಮಾನ್ಯವಾಗಿ ಉದ್ದನೆಯ ದಾರದಂತೆ ಸುತ್ತಿಕೊಂಡಿರುತ್ತವೆ. ಅವುಗಳ ಆಕಾರಕ್ಕೆ ಅರ್ಥವಿಲ್ಲ, ಎಷ್ಟೋ ಸಲ ಆ ಭಾಗಕ್ಕೆ ಜೀವಕೋಶದಲ್ಲೂ ಸ್ಥಿರವಾದ ಆಕಾರ ಇರುವುದಿಲ್ಲ. ಮಾದರಿಯ ಕೆಳಗೆ ಇನ್ನೊಂದು ಚೌಕ ನಕ್ಷೆ ಇದೆ. ಪ್ರೋಟೀನಿನ ಒಂದು ಭಾಗ ಇನ್ನೊಂದು ಭಾಗಕ್ಕೆ ಎಷ್ಟು ದೂರದಲ್ಲಿ, ಯಾವ ದಿಕ್ಕಿನಲ್ಲಿದೆ ಎಂಬ ಊಹೆಯಲ್ಲಿ ಎಷ್ಟು ತಪ್ಪಿರಬಹುದು ಎಂಬುದನ್ನು ಅದು ತಿಳಿಸುತ್ತದೆ. ಎರಡು ಭಾಗಗಳು ತಮ್ಮಷ್ಟಕ್ಕೆ ಕಡುನೀಲಿಯಾಗಿದ್ದು, ಅವುಗಳ ಪರಸ್ಪರ ಸ್ಥಾನ ಮಾತ್ರ ನಂಬುವಂತಿಲ್ಲದೆ ಇರಬಹುದು. ವಿದ್ಯಾರ್ಥಿಗಳು ಬಣ್ಣವನ್ನು ನೋಡುತ್ತಾರೆ, ಈ ನಕ್ಷೆಯ ತನಕ ಇಳಿಯುವುದೇ ಇಲ್ಲ. ಅಧ್ಯಾಪಕರು ಒತ್ತಾಯದಿಂದ ಇಳಿಸಬೇಕು. ತನ್ನ ಅನುಮಾನವನ್ನು ಇಷ್ಟು ಸ್ಪಷ್ಟವಾಗಿ ಮುಖದ ಮೇಲೇ ಬರೆದುಕೊಂಡ ಕೃತಕ ಬುದ್ಧಿಮತ್ತೆಯ ಸೇವೆ ಇನ್ನೊಂದನ್ನು ನಾನು ಕಂಡಿಲ್ಲ, ಮತ್ತು ಇದು ಅಂಕಗಳ ನಡುವೆ ಬೆಳೆದ ಕಂಪನಿಯ ಅಭ್ಯಾಸದ ಫಲವೆಂದೇ ನನಗೆ ತೋರುತ್ತದೆ.

ಕರಾವಳಿಯ ತರಗತಿಗೆ ಉದಾಹರಣೆಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಬಂಗುಡೆ ತಿಂದರೆ ಮೈಯೆಲ್ಲ ದದ್ದು ಏಳುವವರು ನಮ್ಮ ಸುತ್ತಮುತ್ತ ಇದ್ದೇ ಇರುತ್ತಾರೆ. ಮೀನಿನ ಅಲರ್ಜಿಗೆ ಮುಖ್ಯ ಕಾರಣ ಪಾರ್ವಾಲ್ಬುಮಿನ್ ಎಂಬ, ಸುಮಾರು 110 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಮೀನಿನ ಸ್ನಾಯು ಸಂಕುಚಿಸಿದ ಮೇಲೆ ಅಲ್ಲಿನ ಕ್ಯಾಲ್ಸಿಯಂ ಅನ್ನು ಹೀರಿಕೊಂಡು ಸ್ನಾಯು ಬೇಗ ಸಡಿಲಗೊಳ್ಳುವಂತೆ ಮಾಡುವುದು ಅದರ ಕೆಲಸ. ಅದು ಕಾವಿಗೆ ಸುಲಭವಾಗಿ ಕೆಡುವುದಿಲ್ಲವಾದ್ದರಿಂದ ಪುಳಿಮುಂಚಿಯಲ್ಲಿ ಎಷ್ಟು ಕುದಿಸಿದರೂ ಅಲರ್ಜಿ ಇರುವವರಿಗೆ ಉಪಯೋಗವಿಲ್ಲ. ಗೆಂಡೆ ಮೀನಿನ ಪಾರ್ವಾಲ್ಬುಮಿನ್ ರಚನೆಯನ್ನು ಎಕ್ಸ್-ಕಿರಣಗಳಿಂದ 1970ರ ದಶಕದ ಆರಂಭದಲ್ಲೇ ಕಂಡುಕೊಂಡಿದ್ದರು. ಕ್ಯಾಲ್ಸಿಯಂ ಹಿಡಿಯುವ 'ಇಎಫ್-ಹಸ್ತ' ಎಂಬ ಪ್ರಸಿದ್ಧ ವಿನ್ಯಾಸಕ್ಕೆ ಹೆಸರು ಬಂದದ್ದು ಈ ಪ್ರೋಟೀನಿನ ಇ ಮತ್ತು ಎಫ್ ಸುರುಳಿಗಳಿಂದ. ಡೇಟಾಬೇಸಿನ ಮಾದರಿಯನ್ನು ತೆರೆದರೆ ಆ ಸುರುಳಿಗಳು, ಅವುಗಳ ನಡುವಿನ ಕುಣಿಕೆಗಳು ಅಚ್ಚುಕಟ್ಟಾಗಿ ಕಾಣುತ್ತವೆ. ಆದರೆ ಕ್ಯಾಲ್ಸಿಯಂ ಎಲ್ಲಿ? ಅದು ಇಲ್ಲ. ಈ ಡೇಟಾಬೇಸನ್ನು ಕಟ್ಟಿದ ಆವೃತ್ತಿಯು ಅಮೈನೋ ಆಮ್ಲಗಳ ಸರಪಳಿಯೊಂದನ್ನು ಬಿಟ್ಟು ಲೋಹದ ಅಯಾನನ್ನಾಗಲಿ, ಹೀಮ್‌ನಂಥ ಸಹಾಯಕ ಅಣುವನ್ನಾಗಲಿ, ಔಷಧವನ್ನಾಗಲಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೀಗಿದ್ದೂ ಕುಣಿಕೆಗಳು ಕ್ಯಾಲ್ಸಿಯಂ ಕೂತಿರುವ ಭಂಗಿಯಲ್ಲೇ ನಿಂತಿರುವುದೇಕೆಂದರೆ, ಯಂತ್ರ ಕಲಿತ ಉದಾಹರಣೆಗಳಲ್ಲಿ ಇಂಥ ಕುಣಿಕೆಗಳು ಬಹುಪಾಲು ಕ್ಯಾಲ್ಸಿಯಂ ಸಮೇತ ಇದ್ದವು. ಖಾಲಿ ಜಾಗದ ಸುತ್ತ ಸರಿಯಾದ ಆಕಾರ ಬಂದಿದೆ. ಆ ಆಕಾರಕ್ಕೆ ಕಾರಣವಾದದ್ದು ಮಾತ್ರ ಚಿತ್ರದಲ್ಲಿಲ್ಲ. ಗೆಂಡೆಯ ರಚನೆ ಕಲಿಕೆಯ ಭಂಡಾರದಲ್ಲೇ ಇದ್ದುದರಿಂದ ಅದನ್ನು ಸರಿಯಾಗಿ ಹೇಳಿದ್ದು ದೊಡ್ಡ ಸಾಹಸವೇನಲ್ಲ ಎಂಬುದನ್ನೂ ವಿದ್ಯಾರ್ಥಿಗಳಿಗೆ ಹೇಳಬೇಕು.

ಎಟ್ಟಿಯ, ಅಂದರೆ ಸಿಗಡಿಯ ಉದಾಹರಣೆ ಇನ್ನೂ ಪಾಠ ಕಲಿಸುವಂಥದ್ದು. ಸಿಗಡಿಯ ಅಲರ್ಜಿಗೆ ಮುಖ್ಯ ಕಾರಣವಾದ ಟ್ರೋಪೋಮಯೋಸಿನ್ 284 ಅಮೈನೋ ಆಮ್ಲಗಳ ಪ್ರೋಟೀನು. ದೇಹದಲ್ಲಿ ಅದು ಎಂದೂ ಒಂಟಿಯಾಗಿರದೆ, ಎರಡು ಉದ್ದನೆಯ ಸುರುಳಿಗಳು ಒಂದಕ್ಕೊಂದು ಹೆಣೆದುಕೊಂಡು ನಿಲ್ಲುತ್ತವೆ. ಒಂಟಿ ಸರಪಳಿಯ ಲೆಕ್ಕದಲ್ಲಿ ಕಟ್ಟಿದ ಮಾದರಿಯಲ್ಲಿ ಜೊತೆಗಾರ ಇರುವುದಿಲ್ಲ, ಉದ್ದನೆಯ ಒಂದು ಸುರುಳಿ ನೀರಿನಲ್ಲಿ ತಾನೊಂದೇ ನೆಟ್ಟಗೆ ನಿಂತಂತೆ ಕಾಣುತ್ತದೆ. ಪ್ರೋಟೀನನ್ನು ಮೊದಲೇ ಬಲ್ಲವರಿಗೆ ಇದರಿಂದ ತೊಂದರೆಯಿಲ್ಲ, ಅರಿಯದವರು ಅದನ್ನೇ ಸತ್ಯವೆಂದುಕೊಳ್ಳುತ್ತಾರೆ.

ಮಂಗನ ಕಾಯಿಲೆಯ ವಿಷಯದಲ್ಲಿ ನಿರಾಶೆಯೇ ಸರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣ್ಣಿಗಳಿಂದ ಹರಡುವ ಈ ಜ್ವರ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಡೆಗೂ ಬಂದಿತ್ತು. ಆದ್ದರಿಂದ ನಮ್ಮ ಜಿಲ್ಲೆಯ ವಿದ್ಯಾರ್ಥಿಗಳು ಅದರ ವೈರಸ್ಸನ್ನು ಹುಡುಕಲು ಹೊರಡುವುದು ಸಹಜ. 2022ರ ದೊಡ್ಡ ವಿಸ್ತರಣೆಯಲ್ಲಿ ವೈರಸ್ಸುಗಳ ಪ್ರೋಟೀನುಗಳನ್ನು ಸೇರಿಸಿಕೊಳ್ಳಲಿಲ್ಲ. ಕಾರಣ ಅಸಂಗತವೇನಲ್ಲ: ಈ ಗುಂಪಿನ ವೈರಸ್ಸುಗಳು ಮೂರು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಒಂದೇ ಸರಪಳಿಯನ್ನು ತಯಾರಿಸಿ ಆಮೇಲೆ ಅದನ್ನು ಹತ್ತು ಪ್ರೋಟೀನುಗಳಾಗಿ ಕತ್ತರಿಸಿಕೊಳ್ಳುತ್ತವೆ, ಕತ್ತರಿಸುವ ಮೊದಲಿನ ಸರಪಳಿಗೆ ಆಕಾರ ಊಹಿಸಿ ಪ್ರಯೋಜನವಿಲ್ಲ. ಹಾಗಿದ್ದರೂ ಕೋಟಿಗಟ್ಟಲೆ ಮಾದರಿಗಳಿರುವ ಕಡೆ, ಬಡವರ ಊರುಗಳನ್ನು ಕಾಡುವ ರೋಗವೇ ಹೊರಗುಳಿದದ್ದು ಕಸಿವಿಸಿ ಉಂಟುಮಾಡುತ್ತದೆ. ಉದ್ದದ ಮಿತಿಯೂ ಇದೆ: ಆ ವಿಸ್ತರಣೆಯಲ್ಲಿ ಹೆಚ್ಚಿನ ಜೀವಿಗಳಿಗೆ 1,280 ಅಮೈನೋ ಆಮ್ಲಗಳನ್ನು ಮೀರಿದ ಪ್ರೋಟೀನುಗಳನ್ನು ಬಿಟ್ಟುಬಿಡಲಾಗಿತ್ತು. ಇನ್ನು, ಒಂದು ಅಮೈನೋ ಆಮ್ಲ ಬದಲಾದರೆ ಆಕಾರ ಏನಾಗುತ್ತದೆ ಎಂದು ಇದನ್ನು ಕೇಳಬಾರದು. ಕುಡಗೋಲು ಕಣದ ರಕ್ತಹೀನತೆಯಂಥ ಪಠ್ಯಪುಸ್ತಕದ ಪ್ರಶ್ನೆಗೂ ಇದು ಉತ್ತರ ಕೊಡುವ ಸಾಧನವಲ್ಲವೆಂದು ರೂಪಿಸಿದವರೇ ಎಚ್ಚರಿಸಿದ್ದಾರೆ.

ಈ ಮಿತಿಗಳಲ್ಲಿ ಹಲವನ್ನು ಆಲ್ಫಾಫೋಲ್ಡ್ ಸರ್ವರ್ ನೀಗಿಸುತ್ತದೆ. ಪಾರ್ವಾಲ್ಬುಮಿನ್ ಸರಣಿಯನ್ನು ಅಂಟಿಸಿ, ಎರಡು ಕ್ಯಾಲ್ಸಿಯಂ ಅಯಾನುಗಳನ್ನು ಸೇರಿಸಿದರೆ ಕುಣಿಕೆಗಳ ಒಳಗೆ ಅವು ಕೂತ ಮಾದರಿ ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ. ಟ್ರೋಪೋಮಯೋಸಿನ್ನಿನ ಎರಡು ಪ್ರತಿಗಳನ್ನು ಕೊಟ್ಟು ಜೋಡಿಯನ್ನೇ ಕೇಳಬಹುದು. ಕತ್ತರಿಸಿದ ವೈರಸ್ ಪ್ರೋಟೀನನ್ನೂ ಕೊಡಬಹುದು. ಆದರೆ ಇಲ್ಲಿ ಗೂಗಲ್ ಖಾತೆ ಬೇಕು, ದಿನಕ್ಕೆ ಇಂತಿಷ್ಟೇ ಎಂಬ ಮಿತಿಯಿದೆ, ಸೇರಿಸಬಹುದಾದ ಸಣ್ಣ ಅಣುಗಳ ಪಟ್ಟಿಯನ್ನು ಕಂಪನಿಯೇ ನಿಗದಿ ಮಾಡಿದೆ, ವಾಣಿಜ್ಯ ಬಳಕೆಗೆ ಅವಕಾಶವಿಲ್ಲ, ಫಲಿತಾಂಶಗಳನ್ನು ಬಳಸಿ ಇಂಥದ್ದೇ ಇನ್ನೊಂದು ಯಂತ್ರಕ್ಕೆ ಕಲಿಸುವುದನ್ನು ನಿಷೇಧಿಸಲಾಗಿದೆ. ಇದಕ್ಕೂ ಕಾರಣ ಇತಿಹಾಸದಲ್ಲಿದೆ. 2021ರಲ್ಲಿ ಹಸಾಬಿಸ್ ಅವರೇ ಮುಖ್ಯಸ್ಥರಾಗಿ ಐಸೊಮಾರ್ಫಿಕ್ ಲ್ಯಾಬ್ಸ್ ಎಂಬ ಔಷಧ ಶೋಧದ ಕಂಪನಿ ಹುಟ್ಟಿಕೊಂಡಿತು, ಸರ್ವರ್ ನಡೆಸುವ ಮೂರನೆಯ ಆವೃತ್ತಿ ಆ ಕಂಪನಿಯ ಪಾಲುದಾರಿಕೆಯಲ್ಲಿ ತಯಾರಾಯಿತು. ಡೇಟಾಬೇಸನ್ನು ಕಟ್ಟಿದ ಎರಡನೆಯ ಆವೃತ್ತಿಯ ಸಂಕೇತವನ್ನು (ತಂತ್ರಾಂಶದ ಕೋಡ್) ಪ್ರಬಂಧದೊಂದಿಗೇ ಬಿಡುಗಡೆ ಮಾಡಿದ್ದವರು ಮೂರನೆಯದನ್ನು 'ನೇಚರ್'ನಲ್ಲಿ ಪ್ರಕಟಿಸುವಾಗ ಸಂಕೇತವನ್ನು ತಡೆಹಿಡಿದರು. ವಿಜ್ಞಾನಿಗಳು ಬಹಿರಂಗವಾಗಿ ಆಕ್ಷೇಪಿಸಿದ ಮೇಲೆ 2024ರ ನವೆಂಬರಿನಲ್ಲಿ ಶೈಕ್ಷಣಿಕ ಬಳಕೆಗಷ್ಟೇ ಕೊಟ್ಟರು. ಡೇಟಾಬೇಸ್ ಊರಿನ ಬಾವಿಯಿದ್ದಂತೆ. ಸರ್ವರ್ ಧನಿಗಳ ಅಂಗಳದ ಬಾವಿ, ಇಂದು ಸೇದಲು ಬಿಡುತ್ತಾರೆ ಎಂಬುದು ನಾಳೆಗೆ ಹಕ್ಕಾಗುವುದಿಲ್ಲ. ಡೇಟಾಬೇಸಿನ ಮಾದರಿಗಳು ಮೂಲವನ್ನು ಹೆಸರಿಸಿದರೆ ಯಾರು ಯಾವ ಉದ್ದೇಶಕ್ಕಾದರೂ ಬಳಸಬಹುದಾದ ಪರವಾನಗಿಯಲ್ಲಿವೆ, ಸಾರ್ವಜನಿಕ ಸಂಸ್ಥೆಯೊಂದು ಅವುಗಳನ್ನು ನೋಡಿಕೊಳ್ಳುತ್ತದೆ. ಪಠ್ಯಕ್ರಮದಲ್ಲಿ ಶಾಶ್ವತವಾಗಿ ಸೇರಿಸುವುದಾದರೆ ನಾನು ಡೇಟಾಬೇಸನ್ನೇ ಆರಿಸುತ್ತೇನೆ.

ಉಚಿತ ಎಂಬ ಮಾತಿನ ಹಿಂದೆ ಹಣದ ಲೆಕ್ಕ ಇಲ್ಲದಿಲ್ಲ. 2018ರ ಒಂದೇ ವರ್ಷದಲ್ಲಿ ಡೀಪ್‌ಮೈಂಡ್ ಸುಮಾರು 47 ಕೋಟಿ ಪೌಂಡ್ ನಷ್ಟ ತೋರಿಸಿತ್ತು. ಅದನ್ನು ತುಂಬಿಕೊಟ್ಟದ್ದು ಜಾಹೀರಾತಿನಿಂದ ಗಳಿಸುವ ಮಾತೃಸಂಸ್ಥೆ. ಆರಂಭದ ವರ್ಷಗಳಲ್ಲಿ ಎಲ್ಲವೂ ಚೊಕ್ಕಟವಾಗಿತ್ತೆಂದೂ ಹೇಳಲಾಗದು. ಮೂತ್ರಪಿಂಡದ ತೊಂದರೆಯನ್ನು ಬೇಗ ಪತ್ತೆಮಾಡುವ ಆ್ಯಪ್‌ಗಾಗಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಸಮೂಹ ಸುಮಾರು 16 ಲಕ್ಷ ರೋಗಿಗಳ ದಾಖಲೆಗಳನ್ನು ಈ ಕಂಪನಿಗೆ ಕೊಟ್ಟದ್ದು ದತ್ತಾಂಶ ರಕ್ಷಣೆಯ ಕಾನೂನಿಗೆ ಅನುಗುಣವಾಗಿರಲಿಲ್ಲವೆಂದು ಬ್ರಿಟನ್ನಿನ ಮಾಹಿತಿ ಆಯುಕ್ತರು 2017ರಲ್ಲಿ ತೀರ್ಮಾನಿಸಿದರು. ಪ್ರೋಟೀನಿನ ಸರಣಿಗೆ ಖಾಸಗಿತನದ ಪ್ರಶ್ನೆ ಬರುವುದಿಲ್ಲ, ನಿಜ. ಆದರೆ ಇನ್ನೂ ಪ್ರಕಟವಾಗದ ತಮ್ಮ ಸಂಶೋಧನೆಯ ಸರಣಿಯನ್ನು ಸರ್ವರಿಗೆ ಅಂಟಿಸುವ ಸ್ನಾತಕೋತ್ತರ ವಿದ್ಯಾರ್ಥಿಗಳು ಮೊದಲು ಷರತ್ತುಗಳನ್ನು ಓದಿ, ಮಾರ್ಗದರ್ಶಕರನ್ನು ಕೇಳುವುದು ಒಳ್ಳೆಯದು.

ನಮ್ಮ ಕಡೆಯ ಅಧ್ಯಾಪಕರಿಗೆ ಬಳಕೆಯ ಕುರಿತು ಎರಡು ಮಾತು. ಮೊಬೈಲಿನಲ್ಲಿ ಮಾದರಿಗಳು ತೆರೆಯುತ್ತವೆಯಾದರೂ ದೊಡ್ಡ ಪ್ರೋಟೀನುಗಳಿಗೆ ಹಳೆಯ ಫೋನುಗಳು ತಾಳುವುದಿಲ್ಲ. ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಇದ್ದರೆ ಇಡೀ ತರಗತಿಗೆ ಸಾಕು. ಜೂನ್-ಜುಲೈ ಮಳೆಯಲ್ಲಿ ಕರೆಂಟೂ ಇಂಟರ್‌ನೆಟ್ಟೂ ಒಟ್ಟಿಗೇ ಕೈಕೊಡುವುದು ಇಲ್ಲಿ ಹೊಸದಲ್ಲವಾದ್ದರಿಂದ, ಪಾಠಕ್ಕೆ ಬೇಕಾದ ಎಂಟು ಹತ್ತು ಮಾದರಿಗಳ ಕಡತಗಳನ್ನು ಹಿಂದಿನ ದಿನವೇ ಇಳಿಸಿಟ್ಟುಕೊಂಡು, ಅಂತರ್ಜಾಲವಿಲ್ಲದೆಯೂ ನಡೆಯುವ ಉಚಿತ ವೀಕ್ಷಕ ತಂತ್ರಾಂಶದಲ್ಲಿ ತೆರೆಯುವುದು ಜಾಣತನ. ಒಂದೊಂದು ಮಾದರಿಯ ಕಡತ ಚಿಕ್ಕದೇ. ಮನುಷ್ಯನ ಎಲ್ಲ ಪ್ರೋಟೀನುಗಳ ಗಂಟನ್ನು ಒಟ್ಟಾಗಿ ಇಳಿಸಲು ಹೋದರೆ ಮಾತ್ರ ಹಲವು ಗಿಗಾಬೈಟ್ ಆಗುತ್ತದೆ. ಇಳಿಸಿದ ಕಡತದಲ್ಲಿ ನೀಲಿ-ಕಿತ್ತಳೆ ಬಣ್ಣಗಳು ತಾವಾಗಿ ಬರುವುದಿಲ್ಲ. ಭರವಸೆಯ ಅಂಕಗಳು 'ಬಿ-ಫ್ಯಾಕ್ಟರ್' (ಉಷ್ಣ ಗುಣಕ) ಎಂಬ ಕಾಲಂನಲ್ಲಿ ಕೂತಿರುತ್ತವೆ, ಅದರ ಪ್ರಕಾರ ಬಣ್ಣ ಹಚ್ಚುವಂತೆ ವೀಕ್ಷಕಕ್ಕೆ ಹೇಳಬೇಕು. ಪ್ರಯೋಗದಿಂದ ಬಂದ ರಚನೆಗಳಲ್ಲಿ ಅದೇ ಕಾಲಂನ ಅಂಕಿ ಹೆಚ್ಚಾದಷ್ಟೂ ಅನಿಶ್ಚಿತತೆ ಹೆಚ್ಚು. ಇಲ್ಲಿ ತದ್ವಿರುದ್ಧ, ಅಂಕಿ ಹೆಚ್ಚಾದಷ್ಟೂ ಭರವಸೆ ಹೆಚ್ಚು. ಗೆಂಡೆಯ ಎಕ್ಸ್-ಕಿರಣ ರಚನೆಯನ್ನೂ ಆಲ್ಫಾಫೋಲ್ಡ್ ಮಾದರಿಯನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸುವ ಮೊದಲು ಇದನ್ನು ಹಲಗೆಯ ಮೇಲೆ ಬರೆದುಬಿಡುವುದು ಲೇಸು.